ಮಂಗಗಳನ್ನು ಎಲ್ಲಿಗೆ ಒಯ್ಯೋಣ?

ಮಲೆನಾಡಿನ ತೋಟಗಾರನಿಗೆ ಮಂಗಗಳ ಕಾಟ ಹೊಸದಲ್ಲ. ಅಡಕೆಯ ಎಳೆಗಾಯಿಗಳನ್ನು ಕಿತ್ತು ಚೀಪಿ ಬಿಸುಡುವುದು, ಬಾಳೆಗೊನೆ ಬಲಿಯುವ ಮೊದಲೇ ಹರಿದುಹಾಕುವುದು, ಏಲಕ್ಕಿಯ ಸುಳಿಯನ್ನು ಸೀಳುವುದು, ಹಂಚು ಸರಿಸಿ ಅಟ್ಟಕ್ಕಿಳಿದು ಡಬ್ಬಿಗಳನ್ನು ಬರಿದುಮಾಡುವುದು—ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಯಾರ ಮನೆಯ ಜಗಲಿಯಲ್ಲಿ ಕುಳಿತರೂ ಕೇಳಿಬರುವ ದೂರುಗಳಿವು. ಪೇಟೆಯವರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ಎರಡೆಕರೆ ತೋಟವನ್ನೇ ನಂಬಿ ಬದುಕುವವನಿಗೆ ಇದು ವರ್ಷದ ಅನ್ನದ ಪ್ರಶ್ನೆ.

ಆದುದರಿಂದ 'ಈ ಮಂಗಗಳನ್ನೆಲ್ಲ ಹಿಡಿದು ಬೇರೆಲ್ಲಿಗಾದರೂ ಒಯ್ದು ಬಿಡಿ' ಎಂಬ ಬೇಡಿಕೆ ಹುಟ್ಟಿದುದು ಸಹಜವೇ ಆಗಿದೆ. 2019ರ ಕೊನೆಯ ಹೊತ್ತಿಗೆ ಈ ಕೂಗು ಬಲವಾಗಿ, ಶಿವಮೊಗ್ಗ ಜಿಲ್ಲೆಯಲ್ಲಿ 'ಮಂಕಿ ಪಾರ್ಕ್' ಒಂದನ್ನು ಏರ್ಪಡಿಸುವ ಮಾತು ಸರ್ಕಾರದಿಂದಲೇ ಬಂತು. ಅನಂತರ ಅದಕ್ಕೆಂದು ಕೇಳಿಬಂದ ಸ್ಥಳ ಹೊಸನಗರ ತಾಲ್ಲೂಕಿನ ನಿಟ್ಟೂರಿನ ಸಮೀಪದ ನಾಗೋಡಿ. ಉಪಟಳ ಕೊಡುವ ಮಂಗಗಳನ್ನು ಹಿಡಿದು ತಂದು ಒಂದೆಡೆ ಇರಿಸಿ ಪೋಷಿಸುವುದು ಅದರ ಉದ್ದೇಶ. ಸುತ್ತಲಿನ ಹಳ್ಳಿಗಳವರು ಬೇಡವೆಂದರು. ಅವರ ಆಕ್ಷೇಪಣೆ ಒಂದೇ ಮಾತಿನದು: ಇದು ಮಂಗನ ಕಾಯಿಲೆಯ ಸೀಮೆ.

ಆ ಒಂದು ಯೋಜನೆಯ ಹಣೆಬರಹ ಈ ಲೇಖನದ ವಿಷಯವಲ್ಲ. ಯೋಜನೆಗಳು ಬರುತ್ತವೆ, ಹೋಗುತ್ತವೆ. ಬೇಡಿಕೆ ಮಾತ್ರ ಪ್ರತಿ ಫಸಲಿನಲ್ಲಿಯೂ ಹೊಸದಾಗಿ ಚಿಗುರುತ್ತದೆ. ಹಳ್ಳಿಯವರ ಆಕ್ಷೇಪಣೆಯನ್ನು ಆಗ ಕೆಲವರು ಅಜ್ಞಾನದ ಹೆದರಿಕೆಯೆಂದು ತಳ್ಳಿಹಾಕಿದುದನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಅದು ಹೆದರಿಕೆಯೇನೋ ಹೌದು, ಅಜ್ಞಾನವಲ್ಲ. ವಿಜ್ಞಾನದ ಲೆಕ್ಕವೂ ಅವರ ಪಕ್ಷವನ್ನೇ ಹಿಡಿಯುತ್ತದೆ. ಅಷ್ಟೇ ಅಲ್ಲ, ಅವರು ಹೇಳಿದುದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವನ್ನೂ ಅದು ಒದಗಿಸುತ್ತದೆ. ಅದೇನೆಂಬುದನ್ನು ತಿಳಿಯಲು ಈ ಕಾಯಿಲೆಯ ನಡೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

1957ರ ಬೇಸಗೆಯಲ್ಲಿ ಆಗಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಬಂತು. ಕಾಡಿಗೆ ಹೋಗಿಬರುವ ಜನರೂ ಉಗ್ರವಾದ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಆ ಮಹಾಮಾರಿ ಭಾರತದಲ್ಲಿಯೂ ಕಾಲಿಟ್ಟಿತೇ ಎಂಬ ಶಂಕೆಯಿಂದ, 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಅವರಿಗೆ ಸಿಕ್ಕಿದ್ದು ಹಳದಿ ಜ್ವರವಲ್ಲ, ಅದುವರೆಗೆ ಯಾರೂ ಕಾಣದಿದ್ದ ಹೊಸದೊಂದು ವೈರಸ್ಸು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಎಂಬ ಕಾಡಿನ ಹೆಸರು ಹೀಗೆ ಸೇರಿತು. ನಮ್ಮವರು ಸರಳವಾಗಿ ಮಂಗನ ಕಾಯಿಲೆ ಎಂದರು.

ಈ ವೈರಸ್ಸಿಗೆ ರಷ್ಯದ ಕಾಡುಗಳಲ್ಲಿ ವಸಂತ-ಗ್ರೀಷ್ಮ ಕಾಲದ ಮೆದುಳುಜ್ವರವನ್ನುಂಟುಮಾಡುವ ವೈರಸ್ಸಿನೊಡನೆ ಹತ್ತಿರದ ನಂಟಿದೆಯೆಂದು ಕಂಡುಬಂದಾಗ ಒಂದು ಸ್ವಾರಸ್ಯವಾದ ಸಂದೇಹ ಎದ್ದಿತು. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ದೇಶಕ್ಕೆ ಹಾರಿಬರುವ ಹಕ್ಕಿಗಳೇ ಇದನ್ನು ಹೊತ್ತು ತಂದಿರಬಹುದೇ? ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕಾಲಿಗೆ ಉಂಗುರ ತೊಡಿಸಿ ಮೈಮೇಲಿನ ಉಣುಗುಗಳನ್ನು ಆರಿಸಿ ಪರೀಕ್ಷೆಗೆ ಕಳುಹಿಸುವ ದೊಡ್ಡ ಕೆಲಸವನ್ನು ಆ ಕಾಲದಲ್ಲಿ ಕೈಗೊಂಡಿತು. ನಮ್ಮ ದೇಶದಲ್ಲಿ ಹಕ್ಕಿಗಳ ವಲಸೆಯ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ಮೊದಲಾದುದಕ್ಕೆ ಮಲೆನಾಡಿನ ಮಂಗನ ಸಾವು ಒಂದು ಕಾರಣವೆಂದರೆ ಎಷ್ಟು ಜನ ನಂಬುವರೋ! ವೈರಸ್ಸನ್ನು ಹಕ್ಕಿಗಳು ದೂರದೇಶದಿಂದ ತಂದುವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಅದು ನಮ್ಮ ಕಾಡಿನ ಹಳೆಯ ನಿವಾಸಿಯೇ ಆಗಿರಬೇಕೆಂಬುದು ಈಗಿನ ಅಭಿಪ್ರಾಯ. ಆದರೆ ಪ್ರಶ್ನೆಯನ್ನು ಅವರು ಇಟ್ಟ ರೀತಿ ಸರಿಯಾಗಿತ್ತು: ಪ್ರಾಣಿ ಬಂತೆಂದರೆ ಅದರ ಮೈಮೇಲೆ ಇನ್ನೇನು ಬಂತು?

ಮಂಗನ ಕಾಯಿಲೆ ಹಬ್ಬುವುದು ಗಾಳಿಯಿಂದಲ್ಲ, ನೀರಿನಿಂದಲ್ಲ, ಮನುಷ್ಯನಿಂದ ಮನುಷ್ಯನಿಗೂ ಅಲ್ಲ. ಉಣುಗಿನಿಂದ. ಕಾಡಿನ ತರಗೆಲೆಗಳ ನಡುವೆ ಬಾಳುವ ಈ ಜೀವಿಯ ಜನ್ಮದಲ್ಲಿ ಮೂರು ಅವಸ್ಥೆಗಳು. ಮಳೆಗಾಲದ ಕೊನೆಯಲ್ಲಿ ಮೊಟ್ಟೆಯೊಡೆದು ಸಾಸಿವೆಗಿಂತ ಸಣ್ಣ ಮರಿಗಳು ಹೊರಬರುತ್ತವೆ. ಅವು ಇಲಿ, ಅಳಿಲು, ನೆಲಗೋಳಿ, ಮಂಗ ಮೊದಲಾದ ಯಾವುದಾದರೊಂದು ಪ್ರಾಣಿಯ ರಕ್ತ ಹೀರಿ ಉದುರಿ, ಪೊರೆ ಕಳಚಿ ಎರಡನೆಯ ಅವಸ್ಥೆಗೆ ಬರುತ್ತವೆ. ಪ್ರಾಣಿಶಾಸ್ತ್ರಜ್ಞರು ಇದನ್ನು 'ನಿಂಫ್' ಎನ್ನುತ್ತಾರೆ; ಗ್ರೀಕರ ಪುರಾಣದಲ್ಲಿ ಅದು ಅಪ್ಸರೆಯ ಹೆಸರು. ಮಲೆನಾಡಿನಲ್ಲಿ ಮನುಷ್ಯನನ್ನು ಕೊಲ್ಲುವುದು ಹೆಚ್ಚಾಗಿ ಈ ಅಪ್ಸರೆಯೇ. ನವೆಂಬರ್ ತಿಂಗಳಿನಿಂದ ಮೇ ತಿಂಗಳವರೆಗೆ, ಎಂದರೆ ಅಡಕೆ ಕೊಯ್ಲು, ಸೊಪ್ಪು ತರಗು ತರುವ ಕೆಲಸ, ಸೌದೆಯ ಸಂಗ್ರಹ ಎಲ್ಲವೂ ನಡೆಯುವ ಕಾಲದಲ್ಲಿ, ಅದರ ಸಂಖ್ಯೆ ಹೆಚ್ಚು. ಮಳೆ ಬಿದ್ದ ಮೇಲೆ ಅದು ಪ್ರೌಢಾವಸ್ಥೆಗೆ ಬಂದು ದನಗಳಂತಹ ದೊಡ್ಡ ಪ್ರಾಣಿಗಳನ್ನು ಆಶ್ರಯಿಸುತ್ತದೆ. ಮರಿಯಾಗಿದ್ದಾಗ ಹೀರಿದ ರಕ್ತದಲ್ಲಿ ವೈರಸ್ಸಿದ್ದರೆ, ಪೊರೆ ಕಳಚಿದ ಮೇಲೂ ಅದು ಉಣುಗಿನ ಮೈಯಲ್ಲಿ ಉಳಿದೇ ಇರುತ್ತದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

ಹಾಗಾದರೆ ಮಂಗನ ಪಾತ್ರವೇನು? ಹೆಸರಿನಲ್ಲಿಯೇ ಮಂಗನಿರುವುದರಿಂದ ರೋಗದ ಉಗ್ರಾಣ ಮಂಗನೆಂದೇ ಅನೇಕರು ಭಾವಿಸಿದ್ದಾರೆ. ಅದು ಸರಿಯಲ್ಲ. ನಮ್ಮ ಕೆಂಪು ಮಂಗಕ್ಕಾಗಲಿ ಕಪ್ಪುಮೋರೆಯ ಮುಸುವಕ್ಕಾಗಲಿ ಸೋಂಕು ತಗಲಿದರೆ ಕೆಲವು ದಿನಗಳ ಕಾಲ ಅದರ ರಕ್ತದಲ್ಲಿ ವೈರಸ್ಸು ವಿಪುಲವಾಗಿ ತುಂಬಿರುತ್ತದೆ. ಅನಂತರ ಪ್ರಾಣಿ ಸಾಯುತ್ತದೆ—ಮುಸುವಗಳಲ್ಲಿ ಸಾವು ಹೆಚ್ಚು—ಇಲ್ಲವೆ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಂಡ ಮಂಗ ರೋಗವನ್ನು ಹೊತ್ತು ತಿರುಗುವುದಿಲ್ಲ. ಅದರ ರಕ್ತದಲ್ಲಿ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳು ಇರುತ್ತವೆ. ವೈರಸ್ಸು ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಬಾಳುವುದು ಉಣುಗುಗಳಲ್ಲಿ, ಇಲಿ ಮೂಗಿಲಿಗಳಂತಹ ಸಣ್ಣ ಪ್ರಾಣಿಗಳಲ್ಲಿ. ಮಂಗ ಇಲ್ಲಿ ಮಾಡುವ ಕೆಲಸ ಸಭೆಯಲ್ಲಿ ಧ್ವನಿವರ್ಧಕ ಮಾಡುವ ಕೆಲಸ: ಪಿಸುಮಾತನ್ನು ಊರೆಲ್ಲ ಕೇಳುವಂತೆ ಮಾಡುವುದು. ರೋಗಗ್ರಸ್ತವಾದ ಒಂದು ಮಂಗದ ಮೈಮೇಲಿರುವ ಉಣುಗುಗಳೆಲ್ಲ ವೈರಸ್ಸನ್ನು ಹೀರುತ್ತವೆ. ಮಂಗ ಸತ್ತು ಬಿದ್ದಾಗ ಅವೆಲ್ಲ ಇಳಿದು ಆ ನೆಲದಲ್ಲಿಯೇ ಹರಡಿಕೊಳ್ಳುತ್ತವೆ. ಸತ್ತ ಮಂಗನ ಬಳಿ ಸುಳಿಯಬೇಡಿರೆಂದು ಆರೋಗ್ಯ ಇಲಾಖೆಯವರು ಸಾರಿ ಹೇಳುವುದು ಇದಕ್ಕಾಗಿಯೇ.

ಇಲ್ಲಿಂದ ಮುಂದೆ ನನ್ನ ಶಾಸ್ತ್ರದ ಒಂದು ಉದಾಹರಣೆಯನ್ನು ತರುತ್ತೇನೆ. ಪರಮಾಣು ರಿಯಾಕ್ಟರಿನಲ್ಲಿ ಯುರೇನಿಯಂ ಬೀಜವೊಂದು ಒಡೆದಾಗ ಎರಡು ಮೂರು ನ್ಯೂಟ್ರಾನುಗಳು ಹೊರಬೀಳುತ್ತವೆಯಷ್ಟೆ. ಅವುಗಳಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ನ್ಯೂಟ್ರಾನುಗಳು ಹೊಸ ಬೀಜಗಳನ್ನು ಒಡೆದರೆ ಸರಪಣಿ ಕ್ರಿಯೆ ಬೆಳೆಯುತ್ತದೆ. ಒಂದಕ್ಕಿಂತ ಕಡಮೆಯಾದರೆ ನಂದಿಹೋಗುತ್ತದೆ. 1942ರ ಡಿಸೆಂಬರ್ 2ರಂದು ಷಿಕಾಗೋ ನಗರದಲ್ಲಿ ಎನ್ರಿಕೊ ಫರ್ಮಿ ಮಾನವನಿರ್ಮಿತವಾದ ಮೊದಲ ಸರಪಣಿ ಕ್ರಿಯೆಯನ್ನು ನಡೆಸಿದಾಗ, ಅದನ್ನು ಹತೋಟಿಯಲ್ಲಿಟ್ಟದ್ದು ನ್ಯೂಟ್ರಾನುಗಳನ್ನು ನುಂಗುವ ಕ್ಯಾಡ್ಮಿಯಂ. ಅದರ ಸರಳುಗಳನ್ನು ಹೊರಕ್ಕೆಳೆದರೆ ಕ್ರಿಯೆ ಏರುತ್ತದೆ, ಒಳಕ್ಕೆ ತಳ್ಳಿದರೆ ಇಳಿಯುತ್ತದೆ.

ಮಂಗಗಳ ಗುಂಪಿನಲ್ಲಿ ರೋಗ ಹಬ್ಬುವುದೂ ಇಂತಹದೇ ಒಂದು ಸರಪಣಿ. ರೋಗಗ್ರಸ್ತವಾದ ಒಂದು ಮಂಗ, ಉಣುಗುಗಳ ಮೂಲಕ, ಸರಾಸರಿ ಎಷ್ಟು ಹೊಸ ಮಂಗಗಳಿಗೆ ಸೋಂಕನ್ನು ದಾಟಿಸುತ್ತದೆ ಎಂಬುದೇ ಇಲ್ಲಿಯ ನಿರ್ಣಾಯಕ ಸಂಖ್ಯೆ. ತಿಳಿವಳಿಕೆಗಾಗಿ ಅದನ್ನು 1.5 ಎಂದಿಟ್ಟುಕೊಳ್ಳೋಣ, ಇದು ಅಳತೆಮಾಡಿ ಪಡೆದ ಸಂಖ್ಯೆಯಲ್ಲ, ಕರಿಹಲಗೆಯ ಮೇಲಿನ ಲೆಕ್ಕ. ಹತ್ತು ಮಂಗಗಳಿಂದ ಹೊರಟರೆ ಹತ್ತನೆಯ ಸುತ್ತಿಗೆ ಹೊಸ ಸೋಂಕುಗಳು ಸುಮಾರು 577. ಅದೇ ಸಂಖ್ಯೆ 0.8 ಆಗಿದ್ದರೆ ಹತ್ತನೆಯ ಸುತ್ತಿಗೆ ಉಳಿಯುವುದು ಒಂದೇ ಒಂದು. ಉಣುಗು ಮಂಗನನ್ನಲ್ಲದೆ ಬೇರೆ ಪ್ರಾಣಿಗಳನ್ನೂ ಕಚ್ಚುತ್ತದೆ, ಋತು ಬದಲಾಗುತ್ತದೆ, ಆದುದರಿಂದ ಲೆಕ್ಕ ಇಷ್ಟು ಸುಲಭವಲ್ಲವೆಂದು ಜೀವಶಾಸ್ತ್ರದ ಅಧ್ಯಾಪಕ ಮಿತ್ರರು ಮುಗುಳ್ನಗಬಹುದು. ನಗಲಿ. ಎಷ್ಟು ಜಟಿಲವಾದರೂ ಸರಪಣಿಯ ಸ್ವಭಾವ ಬದಲಾಗುವುದಿಲ್ಲ.

ಈಗ ಗುಂಪಿನ ಮೂರರಲ್ಲಿ ಒಂದು ಮಂಗ ಹಿಂದೆ ಕಾಯಿಲೆ ಬಂದು ಬದುಕಿ ಉಳಿದದ್ದು ಎನ್ನೋಣ. ಅದನ್ನು ಕಚ್ಚಿದ ಉಣುಗಿನ ವೈರಸ್ಸು ಅಲ್ಲಿಗೇ ನಿಲ್ಲುತ್ತದೆ. 1.5 ಎಂಬ ಸಂಖ್ಯೆ 1ಕ್ಕೆ ಇಳಿಯುತ್ತದೆ. ಬೆಂಕಿ ಹಬ್ಬಲಾರದೆ ನಿಂತಲ್ಲೇ ಹೊಗೆಯಾಡುತ್ತದೆ. ರೋಗದ ಸೀಮೆಯಲ್ಲಿ ಬಹುಕಾಲ ಬಾಳಿ, ಸತ್ತು, ಉಳಿದು ಬಂದಿರುವ ಮಂಗಗಳು ಹೀಗೆ ಆ ಕಾಡಿನ ಕ್ಯಾಡ್ಮಿಯಂ ಸರಳುಗಳು. ಅರಲಗೋಡಿನ ಸುತ್ತಲಿನ ಕಾಡಿನಲ್ಲಿ ಇಂದು ನಿಮ್ಮ ತೋಟದ ಬಾಳೆಗೊನೆಯನ್ನು ಹರಿಯುತ್ತಿರುವ ಮುದಿ ಮಂಗ, ತನಗೇ ತಿಳಿಯದೆ, ನಿಮ್ಮ ಮನೆಯ ಮಕ್ಕಳಿಗೆ ಒಂದು ಉಪಕಾರವನ್ನು ಮಾಡುತ್ತಿರಲೂ ಬಹುದು.

ಮಂಗಗಳನ್ನು ಸ್ಥಳಾಂತರಿಸುವವರು ಮಾಡುವುದೇನು? ಬಯಲುಸೀಮೆಯ ಊರಿನಿಂದಲೋ ದೂರದ ಪೇಟೆಯಿಂದಲೋ, ಈ ವೈರಸ್ಸಿನ ಮುಖವನ್ನೇ ಕಾಣದ ಮಂಗಗಳನ್ನು ಹಿಡಿದು ಮಲೆನಾಡಿನ ಕಾಡಿಗೆ ತಂದರೆ, ಅವರು ಉರಿಯುವ ಒಲೆಗೆ ಒಣ ಸೌದೆಯನ್ನು ಒಟ್ಟಿದಂತಾಯಿತು. ತಂದ ಮಂಗಗಳಲ್ಲಿ ರೋಗವಿತ್ತೇ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಪರೀಕ್ಷೆಮಾಡಿ 'ಇಲ್ಲ, ಇವು ಸಂಪೂರ್ಣ ಆರೋಗ್ಯವಾಗಿವೆ' ಎಂದು ಅಧಿಕಾರಿಗಳು ಪ್ರಮಾಣಪತ್ರ ಕೊಡಲೂಬಹುದು. ಆದರೆ ರೋಗದ ಸೀಮೆಗೆ ತರುವಾಗ ಅಪಾಯವಿರುವುದು ಆ ಪ್ರಮಾಣಪತ್ರದಲ್ಲಿಯೇ! ಎಂದೂ ಸೋಂಕು ತಗಲದ, ಆರೋಗ್ಯವಂತ ಮಂಗವೇ ಇಲ್ಲಿಯ ವೈರಸ್ಸಿಗೆ ಬೇಕಾದ ಇಂಧನ. ಹಳ್ಳಿಯವರ ಆಕ್ಷೇಪಣೆಗಿಂತ ಗಟ್ಟಿಯಾದ ಕಾರಣವೆಂದು ನಾನು ಹೇಳಿದುದು ಇದನ್ನೇ. ಅವರು ಹೊರಗಿನ ಮಂಗ ರೋಗವನ್ನು ತರುತ್ತದೆಂದು ಹೆದರಿದರು. ಅದು ತಾರದಿದ್ದರೂ ಇಲ್ಲಿರುವುದನ್ನು ಉರಿಸುತ್ತದೆ.

ಮಂಕಿ ಪಾರ್ಕಿನಲ್ಲಿ ಇನ್ನೊಂದು ಅಂಶವೂ ಸೇರುತ್ತದೆ: ಸಾಂದ್ರತೆ. ಕಾಡಿನಲ್ಲಿ ಮೈಲಿಗಟ್ಟಲೆ ಹರಡಿ ಬಾಳುವ ಗುಂಪುಗಳನ್ನು ಒಂದೇ ಬೇಲಿಯೊಳಗೆ ಕೂಡಿ, ದಿನವೂ ಒಂದೇ ಕಡೆ ಹಣ್ಣು ಕಾಳುಗಳನ್ನು ಸುರಿದರೆ, ಅವು ದಿನವೂ ಒಂದೇ ನೆಲದ ಮೇಲೆ ಕೂಡುತ್ತವೆ. ಒಂದರಿಂದ ಉದುರಿದ ಉಣುಗಿಗೆ ಮುಂದಿನ ಮಂಗಕ್ಕಾಗಿ ಕಾಯುವ ಕಷ್ಟವಿಲ್ಲ. ಸುರಿದ ಕಾಳಿಗೆ ಇಲಿಗಳೂ ಬರುತ್ತವೆ. ಬೇಲಿ ಮಂಗನನ್ನು ತಡೆದೀತು—ಅದೂ ಸಂದೇಹವೇ—ಇಲಿಯನ್ನೂ ಹಕ್ಕಿಯನ್ನೂ ತಡೆಯದು. ಇನ್ನು ಅಲ್ಲಿ ಕೆಲಸ ಮಾಡುವವರ ಗತಿಯೇನು? 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಸೋಂಕು ತಗಲಿದುದು ಆ ಹೆಣಗಳ ವಿಲೇವಾರಿಗೆ ಹೋದವರಿಗೆ.

ಮಂಗಗಳನ್ನು ಇಲ್ಲಿಂದ ಹೊರಕ್ಕೆ ಸಾಗಿಸುವುದಾದರೋ? ಆಗ ಹೊರಡುವುದು ಮಂಗ ಒಂದೇ ಅಲ್ಲ. ಅದರ ಕಿವಿಯ ಹಿಂದೆ, ಕಂಕುಳಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಉಣುಗುಗಳು ಇರುತ್ತವೆ. ಅವು ಇಳಿದ ಕಾಡಿನಲ್ಲಿ ಪೊರೆ ಕಳಚಿ, ಮುಂದಿನ ಪ್ರಾಣಿಯನ್ನು ಹುಡುಕುತ್ತವೆ. ಮೊದಲ ಕೆಲವು ದಶಕಗಳ ಕಾಲ ಹೆಚ್ಚಾಗಿ ಶಿವಮೊಗ್ಗ ಮತ್ತು ನೆರೆಯ ಜಿಲ್ಲೆಗಳಿಗೇ ಸೀಮಿತವಾಗಿದ್ದ ಈ ರೋಗ 2012ರ ಅನಂತರ ಬಂಡೀಪುರ, ಕೇರಳದ ವೈನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ—ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ತಲೆದೋರಿದೆ. ಇದಕ್ಕೆ ಮಂಗಗಳ ಸಾಗಾಟವೇ ಕಾರಣವೆಂದು ನಾನು ಹೇಳುವುದಿಲ್ಲ, ಹಾಗೆನ್ನಲು ಆಧಾರವಿಲ್ಲ. ಅಂತಹ ಸಾಗಾಟದಿಂದ ಏನಾಗಬಲ್ಲುದು ಎಂಬುದಕ್ಕೆ ಮಾತ್ರ ಲೋಕದಲ್ಲಿ ಸಾಕ್ಷ್ಯವಿದೆ. ಅಮೆರಿಕದಲ್ಲಿ ರಕೂನ್ ಎಂಬ, ಕಣ್ಣಿನ ಸುತ್ತ ಕಪ್ಪುಪಟ್ಟಿ ಕಟ್ಟಿಕೊಂಡಂತೆ ಕಾಣುವ ಪ್ರಾಣಿಯೊಂದಿದೆ. 1970ರ ದಶಕದಲ್ಲಿ ಬೇಟೆಗಾರರು ತಮ್ಮ ಕಾಡುಗಳಲ್ಲಿ ಬೇಟೆ ಸಾಲದೆಂದು ದಕ್ಷಿಣದ ಫ್ಲಾರಿಡಾ ಕಡೆಯಿಂದ ರಕೂನುಗಳನ್ನು ತರಿಸಿ ವರ್ಜೀನಿಯ, ಪಶ್ಚಿಮ ವರ್ಜೀನಿಯಗಳ ಗಡಿಯ ಗುಡ್ಡಗಳಲ್ಲಿ ಬಿಟ್ಟರು. ಅವುಗಳೊಡನೆ ರೇಬೀಸ್ ಬಂತು. 1977ರಲ್ಲಿ ಪಶ್ಚಿಮ ವರ್ಜೀನಿಯದಲ್ಲಿ ಮೊದಲು ಕಾಣಿಸಿಕೊಂಡ ಆ ರೋಗ ಮುಂದೆ ಪೂರ್ವ ಕರಾವಳಿಯ ರಾಜ್ಯಗಳಲ್ಲೆಲ್ಲ ಹಬ್ಬಿತು.

ಇಲ್ಲಿ ಓದುಗರು ಒಂದು ಆಕ್ಷೇಪಣೆಯನ್ನು ಎತ್ತಬಹುದು. ರೋಗ ತಗಲಿದ ಪ್ರಾಣಿಗೆ ಹೊಸ ಮನೆಯೇ ಸಲ್ಲದೇ? ಚಿಕಿತ್ಸೆಮಾಡಿ, ಕಾದು ನೋಡಿ, ಆಮೇಲೆ ಬಿಡಬಹುದಲ್ಲವೆ? ತರಗತಿಯಲ್ಲಿ ಹೊಸನಗರದ ಕಡೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಇದನ್ನೇ ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಸಾಕುಗಿಳಿಗಳ ವಿಷಯದಲ್ಲಿ ಹೀಗೆ ಮಾಡುವುದುಂಟು. ಗಿಳಿಜ್ವರವೆಂಬ ಒಂದು ಸೋಂಕು ಇದೆ. ಪಂಜರದ ಒಣಗಿದ ಹಿಕ್ಕೆಯ ಧೂಳನ್ನು ಉಸಿರಾಡಿದವರಿಗೆ ತಗಲುತ್ತದೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಮಾರಾಟಕ್ಕೆ ಹೋದ ಗಿಳಿಗಳಿಂದ ಅದು ಯೂರೋಪು ಅಮೆರಿಕಗಳ ಮನೆಮನೆಗಳಿಗೆ ನುಗ್ಗಿ, 1930ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಹೂವರ್ ಗಿಳಿಗಳ ಆಮದನ್ನೇ ನಿಷೇಧಿಸಬೇಕಾಯಿತು. ಅನೇಕ ಗಿಳಿಗಳು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದು, ಇಕ್ಕಟ್ಟಿನ ಪಂಜರ ಮತ್ತು ಪಯಣದ ಬಳಲಿಕೆಯಿಂದ ರೋಗಾಣುಗಳನ್ನು ಹೊರಸೂಸತೊಡಗುತ್ತವೆ. ಸಾಗಾಟವೇ ಸೋಂಕನ್ನು ಎಬ್ಬಿಸುತ್ತದೆ! ಆದರೂ ಇಂದು ಯಾರಾದರೂ ತಮ್ಮ ವಿದೇಶಿ ಗಿಳಿಯನ್ನು ಸಾಕಲಾರೆನೆಂದು ಒಪ್ಪಿಸಿದರೆ, ಪಶುವೈದ್ಯರು ಅದನ್ನು ಬೇರೆ ಪಂಜರದಲ್ಲಿಟ್ಟು, ಪರೀಕ್ಷಿಸಿ, ಸುಮಾರು 45 ದಿನಗಳ ಕಾಲ ಡಾಕ್ಸಿಸೈಕ್ಲಿನ್ ಕೊಟ್ಟು ಹೊಸ ಮನೆಗೆ ಕಳುಹಿಸಬಲ್ಲರು. (ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.)

ಗಿಳಿಗೆ ಇದು ಸಾಧ್ಯವಾದುದು ಏಕೆ? ಗಿಳಿ ಒಂದು, ಪಂಜರ ಒಂದು, ರೋಗಕ್ಕೆ ಔಷಧವುಂಟು, ಹೊಸ ಮನೆಯಲ್ಲಿ ಆ ರೋಗವಿಲ್ಲ. ಮಂಗನ ವಿಷಯದಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ವೈರಸ್ಸನ್ನು ಕೊಲ್ಲುವ ಔಷಧ ಮನುಷ್ಯನಿಗೇ ಇಲ್ಲ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ತಾಯಿಯನ್ನು ಕಳೆದುಕೊಂಡು ಯಾರದೋ ಮನೆಯಂಗಳದಲ್ಲಿ ಬೆಳೆದ ಒಂಟಿ ಮರಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರೆ, ಅದರ ಮೈಯ ಉಣುಗುಗಳನ್ನು ತೆಗೆದು, ಕೆಲವು ವಾರ ಪ್ರತ್ಯೇಕವಾಗಿಟ್ಟು, ರಕ್ತ ಪರೀಕ್ಷಿಸಿ ಸುರಕ್ಷಿತವೆಂದು ಹೇಳಬಹುದು. ಅಂತಹ ಒಂದೆರಡು ಪ್ರಾಣಿಗಳಿಗೆ ಪುನರ್ವಸತಿ ಒದಗಿಸುವುದನ್ನು ನಾನು ವಿರೋಧಿಸುವುದಿಲ್ಲ. ನೂರಾರು ಮಂಗಗಳಿಗೆ ಒಂದೊಂದರಂತೆ ಗೂಡು ಕಟ್ಟಿ, ವಾರಗಟ್ಟಲೆ ಕಾದು, ರಕ್ತದ ಮಾದರಿಗಳನ್ನು ಪ್ರಯೋಗಶಾಲೆಗೆ ಕಳುಹಿಸುವುದು ಬೇರೆ ಮಾತು. ಹಂಗಾಮಿನಲ್ಲಿ ಜ್ವರ ಬಂದ ಮನುಷ್ಯರ ರಕ್ತವನ್ನು ಬೇಗನೆ ಪರೀಕ್ಷಿಸಿ ಹೇಳುವುದೇ ಪ್ರಯೋಗಶಾಲೆಗೆ ಸಾಕಷ್ಟು ಕೆಲಸ.

ಶರಾವತಿಯ ಹಿನ್ನೀರಿನ ನಡುಗಡ್ಡೆಗಳಲ್ಲಿ ಬಿಡಬಹುದಲ್ಲವೆಂದು ಕೆಲವರು ಕೇಳುತ್ತಾರೆ. ಸುತ್ತಲೂ ನೀರು, ಬೇಲಿಯ ಖರ್ಚಿಲ್ಲ. ಉಪಾಯ ಚೆನ್ನಾಗಿಯೇ ತೋರುತ್ತದೆ. ಆದರೆ ಮಂಗಕ್ಕೆ ಈಜು ಬರುತ್ತದೆ. ಮೇಲಾಗಿ ಲಿಂಗನಮಕ್ಕಿಯ ನೀರು ಬೇಸಗೆಯಲ್ಲಿ ಇಳಿದಾಗ ಎಷ್ಟೋ ನಡುಗಡ್ಡೆಗಳು ದಡದೊಡನೆ ಸೇರಿಕೊಳ್ಳುತ್ತವೆ. ಉಣುಗಿನ ಕಾಲವೂ ಅದೇ.

ಭೌತವಿಜ್ಞಾನದಲ್ಲಿ 'ದೂರ' ಎಂದೊಡನೆ 'ಎಲ್ಲಿಂದ ದೂರ?' ಎಂದು ಕೇಳುವುದು ವಾಡಿಕೆ. ತೀರ್ಥಹಳ್ಳಿಯ ತೋಟದಿಂದ ದೂರವಾದ ಜಾಗ ಹೊಸನಗರದ ಯಾರದೋ ತೋಟಕ್ಕೆ ಹತ್ತಿರ. ರಾತ್ರಿಯ ಹೊತ್ತು ಯಾವುದೋ ಊರಿನ ಮಂಗಗಳನ್ನು ಲಾರಿಯಲ್ಲಿ ತಂದು ಘಾಟಿಯ ರಸ್ತೆಯಲ್ಲಿ ಇಳಿಸಿ ಹೋದರೆಂಬ ದೂರು ಘಟ್ಟದ ಅಂಚಿನ ಹಳ್ಳಿಗಳಲ್ಲಿ ಹಳೆಯದು. ಎಷ್ಟು ನಿಜವೋ ಎಷ್ಟು ಊಹೆಯೋ. ದಾಖಲೆಯಿಲ್ಲದ ಕಡೆ ಊಹೆಯೇ ಬೆಳೆಯುತ್ತದೆ. ದಾಖಲೆ ಇಟ್ಟು, ನ್ಯಾಯಾಲಯದ ಆಜ್ಞೆಯ ಮೇರೆಗೆ ಮಾಡಿದ ದೆಹಲಿಯ ಅನುಭವವಾದರೂ ಏನು? 2007ರಿಂದ ಅಲ್ಲಿಯ ಬೀದಿಗಳ ಮಂಗಗಳನ್ನು ಸಾವಿರಗಟ್ಟಲೆ ಹಿಡಿದು ನಗರದ ಅಂಚಿನ ಅಸೋಲ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸಿದರು. ಅವುಗಳಿಗೆ ಅಲ್ಲಿ ದಿನವೂ ಆಹಾರ ಹಾಕಬೇಕಾಗಿದೆ. ದೆಹಲಿಯ ಬೀದಿಗಳಲ್ಲಿ ಮಂಗಗಳು ಇಂದೂ ಇವೆ. ಒಂದು ಗುಂಪನ್ನು ತೆಗೆದರೆ ತೆರವಾದ ಜಾಗಕ್ಕೆ ನೆರೆಯ ಗುಂಪು ಬರುತ್ತದೆ. ನಿರ್ವಾತವನ್ನು ಗಾಳಿ ತುಂಬುವ ಹಾಗೆ.

ಹಾಗಾದರೆ ತೋಟಗಾರ ಕೈಕಟ್ಟಿ ಕುಳಿತಿರಬೇಕೇ? ಹಾಗೆಂದು ಹೇಳುವ ಧೈರ್ಯ ನನಗಿಲ್ಲ. ಹಿಮಾಚಲ ಪ್ರದೇಶದಲ್ಲಿ 2006-07ರಿಂದ ಲಕ್ಷಕ್ಕೂ ಮಿಕ್ಕಿ ಮಂಗಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹಿಡಿದ ಜಾಗದಲ್ಲಿಯೇ ಬಿಟ್ಟಿದ್ದಾರೆ. ಅಲ್ಲಿಯೂ ಕಾಟ ನಿಂತಿಲ್ಲ. ಫಲ ಕಾಣಲು ಹಲವು ವರ್ಷ ಬೇಕು. ಆದರೂ ರೋಗದ ದೃಷ್ಟಿಯಿಂದ ಇದರಲ್ಲಿ ಒಂದು ಗುಣವಿದೆ: ಮಂಗ ತನ್ನ ಜಾಗದಲ್ಲಿಯೇ ಉಳಿಯುತ್ತದೆ, ಅದರ ರಕ್ತದ ಪ್ರತಿಕಾಯಗಳೂ ಅಲ್ಲಿಯೇ ಉಳಿಯುತ್ತವೆ. ನಮ್ಮಲ್ಲಿ ಇದನ್ನು ಮಾಡುವುದಾದರೆ ಹಿಡಿಯುವ ಕೆಲಸ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳೊಳಗೆ ನಡೆಯಬೇಕು. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯ ಕಾಡಿನಲ್ಲಿ ಬೋನು ಇಡುವುದು ಎಂತಹ ಕೆಲಸವೆಂದು ಬಲ್ಲವರು ನನ್ನನ್ನು ಬೈಯಬಹುದು. ಜನವರಿಯಲ್ಲಿ ಹಿಡಿಯುವವನು ಮಂಗನಿಗಿಂತ ಮೊದಲು ಉಣುಗನ್ನು ಹಿಡಿದಿರುತ್ತಾನೆ.

ಮಂಗ ತೋಟಕ್ಕೆ ಏಕೆ ಇಳಿಯಿತೆಂಬುದನ್ನೂ ನೋಡಬೇಕಲ್ಲವೆ? ಹಲಸು, ನೇರಿಲು, ಅತ್ತಿ, ಮುರುಗಲುಗಳಿದ್ದ ಗುಡ್ಡಗಳಲ್ಲಿ ಎಷ್ಟೋ ಕಡೆ ಈಗ ಅಕೇಶಿಯ ನಿಂತಿದೆ. ಅದರಲ್ಲಿ ಮಂಗ ತಿನ್ನುವುದೇನಿದೆ? ಕಾಡನ್ನು ಕದಡಿದರೆ ಉಣುಗೂ ಕದಡುತ್ತದೆ. ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ ಗೇರುತೋಪಿಗಾಗಿ ಕಾಡು ಕಡಿದ ಪ್ರದೇಶದಲ್ಲಿ 1982-83ರಲ್ಲಿ ಈ ರೋಗ ಸಾವಿರಕ್ಕೂ ಮಿಕ್ಕಿದ ಜನರನ್ನು ಹಿಡಿಯಿತು. ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆದು ಫೋಟೋ ತೆಗೆಯುವ ಪುಣ್ಯಾತ್ಮರಿಗೆ ಹೇಳತಕ್ಕ ಮಾತು ಬಹಳವಿದೆ, ಇಲ್ಲಿ ಬೇಡ.

ಸರ್ಕಾರದಿಂದ ನಾನು ಅಪೇಕ್ಷಿಸುವುದು ಇಷ್ಟು. ನವೆಂಬರ್ ತಿಂಗಳಿನಿಂದ ಮೇ ತಿಂಗಳವರೆಗೆ ಈ ಮೂರು ತಾಲ್ಲೂಕುಗಳೊಳಕ್ಕೆ ಆಗಲಿ ಇಲ್ಲಿಂದ ಹೊರಕ್ಕೆ ಆಗಲಿ ಒಂದು ಮಂಗವನ್ನೂ ಸಾಗಿಸಕೂಡದು. ಉಳಿದ ತಿಂಗಳುಗಳಲ್ಲಿ ಹಿಡಿದರೆ, ಹಿಡಿದ ಜಾಗ, ಬಿಟ್ಟ ಜಾಗ, ದಿನಾಂಕ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಬರೆದಿರಬೇಕು. ಪಾರ್ಕಿಗೆಂದು ತೆಗೆದಿಡುವ ಹಣವಿದ್ದರೆ ಅದು ಬೆಳೆ ಕಳೆದುಕೊಂಡವರಿಗೆ ಪರಿಹಾರವಾಗಿ ಹೋಗಲಿ. ಮಂಗ ಇದ್ದಲ್ಲಿಯೇ ಇರುವುದರಿಂದ ನಾಡಿಗೆಲ್ಲ ಲಾಭವಾಗುವುದಾದರೆ, ಅದರ ಖರ್ಚನ್ನು ಎರಡೆಕರೆಯವನೊಬ್ಬನೇ ಹೊರತಕ್ಕದ್ದಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ರೋಗ ಎದ್ದು, 2019ರ ಬೇಸಗೆಯ ಹೊತ್ತಿಗೆ ಹಲವು ಮನೆಗಳ ದೀಪ ಆರಿಸಿತು. ಆಗ ಲಸಿಕೆಯಾದರೂ ಒಂದಿತ್ತು. ಪೂರ್ಣ ರಕ್ಷಣೆ ಕೊಡದಿದ್ದರೂ 1990ರಿಂದ ಬಳಕೆಯಲ್ಲಿತ್ತು. ಅದರ ಶಕ್ತಿ ಕುಂದಿತೆಂದು 2022ರಲ್ಲಿ ಅದನ್ನೂ ನಿಲ್ಲಿಸಿದರು. ಹೊಸದನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಕೈಗೊಂಡಿದೆ. ಅದು ಕೈಗೆ ಬರುವವರೆಗೆ ಕಾಡಿಗೆ ಹೋಗುವವನಿಗೆ ಮೈತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಕೇಂದ್ರದವರು ಕೊಡುವ ಡೆಪಾ ಎಣ್ಣೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ಹಿಂದಿರುಗಿ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಸುದ್ದಿ—ಇಷ್ಟೇ ಇರುವುದು.